ಸೊನ್ನೆ ಗಂಟೆಗೆ ಮುಗಿದ ದಿನ

ನಮ್ಮ ಅತ್ತಿಗೆಗೆ ಆಸ್ಪತ್ರೆಯಲ್ಲಿ ನಿಮಿಷಮ್ಮ ಎಂದು ಅಡ್ಡಹೆಸರು. ಬಸ್ಸು ಏಳಕ್ಕೆ ಎಂದರೆ ಆರಕ್ಕೇ ಹೋಗಿ ನಿಂತು, ಅದು ನಿನ್ನೆಯೇ ಹೊರಟುಹೋಗಿದ್ದರೆ ಎಂದು ಚಿಂತಿಸುವ ಜೀವ. ಅಲ್ಲಿನ ರಕ್ತನಿಧಿಗೆ ಪ್ರೋಗ್ರಾಂ ಬರೆಯುವುದು ಅವರ ಕೆಲಸ.

ಹಳೆಯ ಪ್ರೋಗ್ರಾಮಿನಲ್ಲಿ ರಕ್ತದ ಚೀಲಗಳಿಗೆ ಬರೀ ಕೊನೆಯ ತಾರೀಕು ಇತ್ತು. ಹೊಸದು ತಾರೀಕಿನ ಜೊತೆ ಗಂಟೆ, ನಿಮಿಷವನ್ನೂ ಕೇಳುತ್ತಿತ್ತು. ಭಾನುವಾರವಿಡೀ ಕೂತು ಹಳೆಯ ತಾರೀಕುಗಳನ್ನೆಲ್ಲ ಹೊಸದಕ್ಕೆ ಸಾಗಿಸಿದರು. ಒಂದು ತಪ್ಪೂ ಬರಲಿಲ್ಲ. ಅದೇ ಅವರಿಗೆ ಚಿಂತೆಯಾಯಿತು.

ಸೋಮವಾರ ಬೆಳಗ್ಗೆ ನಮ್ಮಣ್ಣ ಬ್ರೆಡ್ಡಿನ ಪೊಟ್ಟಣ ತಿರುಗಿಸಿ ನೋಡಿದ. "ಇವತ್ತೇ ಕೊನೇ ದಿನ ಕಣೇ. ರಾತ್ರಿವರೆಗೂ ತಿನ್ನಬಹುದು."

ಅತ್ತಿಗೆಯ ಕೈಯ ಚಾಕು ನಿಂತಿತು. ಮನುಷ್ಯರಿಗೆ ಇವತ್ತಿನವರೆಗೆ ಎಂದರೆ ದಿನ ಪೂರ್ತಿ. ಗಂಟೆ ಹೇಳದಿದ್ದರೆ ಕಂಪ್ಯೂಟರು ತಾನೇ ಸೊನ್ನೆ ಗಂಟೆ, ಸೊನ್ನೆ ನಿಮಿಷ ತುಂಬಿಕೊಳ್ಳುತ್ತದೆ. ಅದರ ಪಾಲಿಗೆ ಈ ದಿನ ಹುಟ್ಟಿದ ಗಳಿಗೆಯಲ್ಲೇ ಮುಗಿದಿತ್ತು. ಇಂದೇ ಕೊನೆಯ ದಿನವಿರುವ ಚೀಲಗಳೆಲ್ಲ ಎಸೆಯುವ ಪಟ್ಟಿಗೆ ಸೇರಿರುತ್ತವೆ. ಅವುಗಳಲ್ಲೊಂದು ಅಪರೂಪದ ಗುಂಪಿನದು, ಹನ್ನೊಂದಕ್ಕೆ ಒಬ್ಬ ಬಸುರಿಯ ಆಪರೇಷನ್ನಿಗೆ ತೆಗೆದಿಟ್ಟದ್ದು. ಅಂಥದ್ದು ಇನ್ನೊಂದಿಲ್ಲ.

ರಕ್ತನಿಧಿಗೆ ಫೋನ್ ಮಾಡಿದರು. "ಪಟ್ಟಿಯಲ್ಲಿರೋದನ್ನ ಎಸೀಬೇಡಿ."

"ಪಟ್ಟಿ ಮಾಡಿಸಿದೋರು ನೀವೇ ಅಲ್ವಾ ಮೇಡಂ," ಎಂದ ಟೆಕ್ನೀಷಿಯನ್. "ಈಗ ನೀವು ಹೇಳಿದ್ದು ಕೇಳ್ಲೋ, ಬರೆದದ್ದು ಕೇಳ್ಲೋ?"

"ಹೇಳಿದ್ದು. ಎಲ್ಲಾ ಫ್ರಿಜ್ಜಲ್ಲೇ ಇದೆ ತಾನೇ?"

"ಒಂದನ್ನ ಆಚೆ ಇಟ್ಟಿದ್ದೀನಿ. ಆ ಅಪರೂಪದ್ದು."

ಆಚೆ ಅರ್ಧ ಗಂಟೆ ದಾಟಿದರೆ ಆ ರಕ್ತವನ್ನು ಯಾರಿಗೂ ಕೊಡುವಂತಿಲ್ಲ.

"ಎಷ್ಟು ಹೊತ್ತಾಯ್ತು?"

"ಈಗ ತಾನೇ."

"ಈಗ ತಾನೇ ಅಂದ್ರೆ ಎಷ್ಟು ನಿಮಿಷ?"

"ಒಂದು ಕಾಫಿ ಕುಡಿಯೋಷ್ಟು."

"ಬಿಸೀದೋ, ಆರಿಸಿದ್ದೋ?"

ಆತನಿಗೆ ನೆನಪಿರಲಿಲ್ಲ. ಅತ್ತಿಗೆ ಗೋಡೆಯ ಗಡಿಯಾರದತ್ತ ತಿರುಗಿದರು. "ಫ್ರಿಜ್ಜಿನ ಮೇಲೆ ಪುಟ್ಟ ಪರದೆ ಇದೆ, ಬಾಗಿಲು ಕೊನೇ ಸಲ ತೆಗೆದ ಟೈಮ್ ತೋರಿಸುತ್ತೆ. ಮೊದಲು ಅದನ್ನ ಓದಿ, ಆಮೇಲೆ ಬಾಗಿಲು ಮುಟ್ಟಿ."

ಆತ ಕನ್ನಡಕ ಹುಡುಕಿದ. ಅದಕ್ಕೊಂದು ನಿಮಿಷ ಹೋಯಿತು. "ಏಳು ಐವತ್ತೆರಡು."

ಗಡಿಯಾರದಲ್ಲಿ ಎಂಟು ಹದಿನಾಲ್ಕು. ಇಪ್ಪತ್ತೆರಡು ನಿಮಿಷ.

"ಒಳಗಿಡಿ." ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೆ ಫೋನ್ ಕೆಳಗಿಡಲಿಲ್ಲ.

ಆಮೇಲೆ ಆಸ್ಪತ್ರೆಗೆ ಓಡಿ, ಪ್ರತಿ ತಾರೀಕಿಗೂ ದಿನದ ಕಟ್ಟಕಡೆಯ ನಿಮಿಷವನ್ನು ಅಂಟಿಸಿದರು. ಆ ಚೀಲ ಆಪರೇಷನ್ ಥಿಯೇಟರಿಗೆ ಹೋಗುವವರೆಗೆ ಫ್ರಿಜ್ಜಿನ ಎದುರು ಸ್ಟೂಲ್ ಹಾಕಿ ಕೂತರು, ಕಾವಲುಗಾರನಂತೆ.

ಮಧ್ಯಾಹ್ನ ನರ್ಸ್ ಬಂದು ತಾಯಿ, ಮಗು ಇಬ್ಬರೂ ಕ್ಷೇಮ ಎಂದಳು. ಅತ್ತಿಗೆ ಕಣ್ಣೊರೆಸಿಕೊಂಡರು. ತಕ್ಷಣ ಮುಖದಲ್ಲಿ ಹಳೆಯ ಗಾಬರಿ.

"ಹುಟ್ಟಿದ ತಾರೀಕಷ್ಟೇ ಬರ್ಕೊಂಡ್ರಾ, ಟೈಮೂ ಬರ್ಕೊಂಡ್ರಾ?"