ನಾನು ಹೆಣವಾಗಿ ನಟಿಸಿದ್ದು

ಕ್ಯಾಮೆರಾದ ಮುಂದೆ ಕೂತವನಿಗೆ ‘ಅಲುಗಾಡಬೇಡಿ’ ಎಂದ ಕ್ಷಣವೇ ಮೂಗಿನ ತುದಿ ತುರಿಸತೊಡಗುವುದೇಕೆ ಎಂಬುದನ್ನು ಯಾವ ಶಾಸ್ತ್ರವೂ ವಿವರಿಸಿಲ್ಲ. ಆಧಾರ್ ಕಾರ್ಡಿನಲ್ಲಿ ನೀವೂ ನಾನೂ ತಲೆಮರೆಸಿಕೊಂಡ ಕಳ್ಳರಂತೆ ಕಾಣುವುದಕ್ಕೆ ಈ ತುರಿಕೆಯ ನಿಗ್ರಹವೇ ಕಾರಣವೆಂದು ನನ್ನ ನಂಬಿಕೆ. ಆದರೆ ಅಲುಗಾಡದೆ ಕೂರುವ ವಿದ್ಯೆಯಲ್ಲಿ ಅಥಣಿ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಬಡಾಯಿಯಲ್ಲ, ಇದಕ್ಕೆ ಸಿನಿಮಾದ ಸಾಕ್ಷಿಯಿದೆ.

ಕೃಷ್ಣೆಯ ದಂಡೆಯ ನಮ್ಮ ಸತ್ತಿ ಗ್ರಾಮದಲ್ಲಿ ಹುಟ್ಟಿ, ನಾಡೆಲ್ಲ ಹಾಡುವಂಥ ಚೀಜುಗಳೆಂಬ ರಾಗರಚನೆಗಳನ್ನು ಕಟ್ಟಿ, ಕೊನೆಗೆ ಅದೇ ಊರಲ್ಲಿ ಕಣ್ಣುಮುಚ್ಚಿದ ಹಿಂದುಸ್ತಾನಿ ವಾಗ್ಗೇಯಕಾರರೊಬ್ಬರ ಬದುಕನ್ನು ತೆರೆಗೆ ತರಲು ಬೆಂಗಳೂರಿನಿಂದ ತರುಣ ನಿರ್ದೇಶಕರೊಬ್ಬರು ಬಂದರು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತನಾದ ನಾನು ಅವರಿಗೆ ರಾಗ-ತಾಳಗಳ ಸಲಹೆಗಾರ. ಬಾಲ್ಯ, ಗುರುಸೇವೆ, ಕೀರ್ತಿ ಎಲ್ಲವೂ ಸುಸೂತ್ರವಾಗಿ ಮುಗಿದವು, ತೊಡಕಾದದ್ದು ಸಾವಿನಲ್ಲಿ. ಚಿತ್ರಕಥೆಯಲ್ಲಿ ಅವರನ್ನು ಚಟ್ಟದ ಮೇಲೆ ಅಂಗಾತ ಮಲಗಿಸಲಾಗಿತ್ತು. ಊರ ಹಿರಿಯರು ತಕರಾರು ತೆಗೆದರು: ಲಿಂಗಾಯತರ ಮನೆಯಲ್ಲಿ ಸತ್ತವರು ಮಲಗುವುದಿಲ್ಲ, ವಿಭೂತಿ ಬಳಿಸಿಕೊಂಡು, ರುಮಾಲು ಸುತ್ತಿಸಿಕೊಂಡು, ಗೋಡೆಗೊರಗಿ ಕೂರುತ್ತಾರೆ, ಎದುರಿಗೆ ಭಜನೆ ನಡೆಯುತ್ತದೆ. ಮಲಗುವ ಹೆಣಕ್ಕಾದರೆ ಗೊಂಬೆ ಸಾಕಿತ್ತು, ಕೂರುವ ಹೆಣಕ್ಕೆ ಜೀವಂತ ಮನುಷ್ಯನೇ ಬೇಕಾಯಿತು. ಮುಖ್ಯ ನಟರು ಅಷ್ಟರಲ್ಲಿ ಬೇರೊಂದು ಚಿತ್ರಕ್ಕೆ ಹೊರಟುಹೋಗಿದ್ದರು. ಎಲ್ಲರ ಕಣ್ಣೂ ಪಾತ್ರದ ಗಡ್ಡವನ್ನೇ ಹೋಲುವ ನನ್ನ ಬಿಳಿ ಗಡ್ಡದ ಮೇಲೆ ಬಿತ್ತು. ತಂಬೂರಿ ಹಿಡಿದೂ ಹಿಡಿದೂ ಬೆನ್ನು ನೆಟ್ಟಗಾದ ನನಗಿಂತ ಯೋಗ್ಯ ಹೆಣ ಸುತ್ತ ಹತ್ತು ಹಳ್ಳಿಗಳಲ್ಲಿ ಸಿಗುವಂತಿರಲಿಲ್ಲ.

ನನ್ನ ಹೆಂಡತಿ ಶಾಂತವ್ವ ಮಾತ್ರ ಒಪ್ಪಲಿಲ್ಲ. ಹೋದ ಮಳೆಗಾಲದಲ್ಲಿ ಎದೆನೋವೆಂದು ಮಿರಜಿನ ಆಸ್ಪತ್ರೆ ಸೇರಿ, ಅಂತೂ ಎದ್ದು ಬಂದವನು ನಾನು. ಅಂದಿನಿಂದ ನಾನು ಮಧ್ಯಾಹ್ನ ತುಸು ಗಾಢವಾಗಿ ನಿದ್ರಿಸಿದರೂ ಅವಳು ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಾಳೆ. ಕಲೆಗಾಗಿ ಜೀವ ತೇದವರ ಬಗ್ಗೆ ಅವಳಿಗೊಂದು ದೀರ್ಘ ಉಪನ್ಯಾಸ ಕೊಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

“ದೇವ್ರು ಖರೇನ ಅಂತ ತಿಳ್ಕೊಂಡ್ರ ಏನ್ ಮಾಡ್ತೀರಿ?”

ಆದರೂ ಮರುದಿನ ಹೋಗಿ ಹೆಣವಾದೆ. ಅವಳೂ ಹಿಂದೆಯೇ ಬಂದಳು.

ಮುಗಳಖೋಡದ ಭಜನಾ ಮೇಳದವರು ಅಗಲಿದ ಮಹನೀಯರದೇ ಒಂದು ಚೀಜನ್ನು ನಿಧಾನದ ವಿಲಂಬಿತ ಲಯದಲ್ಲಿ ಎತ್ತಿಕೊಂಡರು. ತಬಲಾದವನು ತಾಳ ತಪ್ಪಿದಾಗ ಹೆಣ ಹುಬ್ಬು ಗಂಟಿಕ್ಕಿತೆಂದು ಮೊದಲ ಶಾಟ್ ವ್ಯರ್ಥವಾಯಿತು. ಎರಡನೆಯದಕ್ಕೆ ನಿರ್ದೇಶಕರು, ಎದೆಯೂ ಏರಿಳಿಯದಿದ್ದರೆ ಒಳ್ಳೆಯದೆಂದು ವಿನಂತಿಸಿಕೊಂಡರು. ಪ್ರಾಣಾಯಾಮದ ಬಲದಿಂದ ಉಸಿರು ಕಟ್ಟಿ, ಮುಖದಲ್ಲಿ ಪರಮಶಾಂತಿಯನ್ನು ಸ್ಥಾಪಿಸಿ, ಮೋಕ್ಷವೆಂದರೆ ಇದೇ ಎಂದು ನಾನು ಹಿಗ್ಗುತ್ತಿರುವಾಗ ಗುಂಪನ್ನು ಸೀಳಿಕೊಂಡು ಬಂದ ಶಾಂತವ್ವ ನನ್ನ ಭುಜ ಹಿಡಿದು ಅಲುಗಿಸಿದಳು.

“ಸಾಕ್ ಮಾಡ್ರಿ. ಮೊದ್ಲ ಉಸಿರಾಡ್ರಿ.”

ಸಿಟ್ಟಿನ ದನಿಯಲ್ಲ ಅದು, ನಡುಗುತ್ತಿತ್ತು. ಕಣ್ಣು ಬಿಟ್ಟು ಉಸಿರಾಡಿದೆ. ನನ್ನ ಕಲಾಗರ್ವವೆಲ್ಲ ಆ ಉಸಿರಿನೊಂದಿಗೇ ಹೊರಗೆ ಹೋಯಿತು.

ನಿರ್ದೇಶಕರು ತರುಣರಾದರೂ ಮನುಷ್ಯರನ್ನು ಬಲ್ಲವರು. ವಾಗ್ಗೇಯಕಾರರ ಪತ್ನಿಯಾಗಿ ಕಾಲ ಬಳಿ ಕೂರುವಂತೆ ಅವಳನ್ನೇ ಕೇಳಿಕೊಂಡರು. ಅವಳು ಸೆರಗು ಹೊದ್ದು ಕೂತು, ಹೂಗಳ ಕೆಳಗೆ ಯಾರಿಗೂ ಕಾಣದಂತೆ ನನ್ನ ಪಾದ ಹಿಡಿದುಕೊಂಡಳು. ಆಗಾಗ ಚಿವುಟುವಳು, ನಾನು ಹೆಬ್ಬೆರಳು ಅಲ್ಲಾಡಿಸಿ ವರದಿ ಒಪ್ಪಿಸುವೆ. ಆ ಮಹನೀಯರ ಚೀಜುಗಳು ಇಂದಿಗೂ ಉಳಿದಿವೆಯೆಂದು ಚಿತ್ರದುದ್ದಕ್ಕೂ ನಾವು ಸಂಭ್ರಮಿಸಿದ್ದೆವು. ಅವರು ಹೋದ ದಿನ ಅವರ ಹೆಂಡತಿಗೆ ಚೀಜುಗಳ ನೆನಪಾದರೂ ಇತ್ತೋ ಇಲ್ಲವೋ ಎಂದು ನನಗೆ ಅನ್ನಿಸಿದ್ದು ಅಲ್ಲಿ ಕೂತಾಗಲೇ.

ಚಿತ್ರ ಚಿಕ್ಕೋಡಿಯ ಟಾಕೀಸಿಗೆ ಬಂತು. ಆ ದೃಶ್ಯದಲ್ಲಿ ಜನ ಮೂಗು ಒರೆಸಿಕೊಂಡರು. ಹಿಂದಿನ ಸಾಲಿನ ಹೆಂಗಸೊಬ್ಬಳು ಸತ್ತವನ ಹೆಂಡತಿಯ ಪಾತ್ರದವಳು ಭಾಳ ಚಲೋ ಮಾಡ್ಯಾಳ ಎಂದು ಮೆಚ್ಚಿದಳು. ಪರದೆಯ ಮೇಲಿನ ನನ್ನ ನಿಶ್ಚಲತೆಗೆ ನಾನೇ ಮಾರುಹೋಗಿ, ಶಾಂತವ್ವನಿಗೂ ತೋರಿಸೋಣವೆಂದು ಪಕ್ಕಕ್ಕೆ ತಿರುಗಿದರೆ, ಅವಳು ಪರದೆಯನ್ನು ನೋಡುತ್ತಲೇ ಇರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಮುಂಗೈ ಹಿಡಿದುಕೊಂಡಳು.

“ಬೆಚ್ಚಗ ಐತಿ,” ಎಂದಳು. ಆಮೇಲೆಯೇ ತಲೆಯೆತ್ತಿ ಸಿನಿಮಾ ನೋಡಿದಳು.