ಅತ್ತೆಯ ಬಂಡೆ, ನನ್ನ ದುರ್ಬೀನು

ಹೆಣ್ಣು ನೋಡಿ ಒಪ್ಪಲು ನನಗೆ ಅರ್ಧ ಗಂಟೆ ಸಾಕಾಗಿತ್ತು. ದುರ್ಬೀನು ಆರಿಸಲು ನಾಲ್ಕು ತಿಂಗಳು ಹಿಡಿಯಿತು. ಮೋಸಹೋದದ್ದು ಯಾವುದರಲ್ಲಿ ಎಂದು ಹೆಂಡತಿ ಕೇಳುವ ಮೊದಲೇ ಹೇಳಿಬಿಡುತ್ತೇನೆ: ದುರ್ಬೀನಿನಲ್ಲಿ.

ಹಗಲು ಬೆಟ್ಟ, ಸಂಜೆ ಚಂದ್ರ, ಎರಡನ್ನೂ ತೋರಿಸುವ, ನನ್ನ ಸಂಬಳಕ್ಕೆ ಎಟುಕುವ ಯಂತ್ರ ಬೇಕಿತ್ತು. ಬಲ್ಲವರು ಮಸೂರದ ಅಗಲ ನೋಡಿ, ಸ್ಟ್ಯಾಂಡು ಗಟ್ಟಿಯಿದೆಯೇ ನೋಡಿ ಎಂದರು. ನಾನು ಡಬ್ಬದ ಮೇಲಿನ ‘ಐನೂರು ಪಟ್ಟು’ ನೋಡಿದೆ. ಮಧುಗಿರಿಯ ನಮ್ಮ ತಾರಸಿಯಿಂದ ಕಣ್ಣಿಟ್ಟರೆ ಬೆಟ್ಟದ ಕೋಟೆ ಬಾವಲಿಯಂತೆ ತಲೆಕೆಳಗಾಗಿ ನೇತಾಡುತ್ತಿತ್ತು. “ನಕ್ಷತ್ರಕ್ಕೆ ಮೇಲೇನು, ಕೆಳಗೇನು ಸಾರ್? ಭೂಮಿ ನೆಟ್ಟಗೆ ಕಾಣ್ಬೇಕಂದ್ರೆ ಬೇರೆ ಪ್ರಿಸಂ ತಗೋಬೇಕು” ಎಂದು ಅಂಗಡಿಯವನು ಫೋನಿನಲ್ಲಿ ವೇದಾಂತ ಹೇಳಿದ. ಅದನ್ನೂ ತರಿಸಿದೆ.

ಸುದ್ದಿ ಹೆಂಡತಿಯ ತವರೂರು ತಿರುಮಣಿಯಲ್ಲಿದ್ದ ಅತ್ತೆಗೆ ಮುಟ್ಟಿತು. ಅವರ ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿ ವರ್ಷಗಳಾದವು. ಈಗ ಬೇಲಿಯೊಳಗೆ ಬಿಡುವುದಿಲ್ಲ. ಹೊಲದ ನಡುವೆ ಆಳೆತ್ತರದ ಒಂದು ಬಂಡೆಯಿತ್ತು. ಮದುವೆಯಾಗಿ ಬಂದಾಗಿನಿಂದ ಅತ್ತೆ ಅದರ ನೆರಳಿನಲ್ಲೇ ಬುತ್ತಿ ಬಿಚ್ಚಿದವರು. ಅದನ್ನು ಒಡೆದರೋ ಉಳಿಸಿದರೋ ಎಂಬುದೊಂದೇ ಅವರ ಕೊರಗು.

“ಚಂದ್ರನ್ನ ಆಮ್ಯಾಕೆ ನೋಡಾನ ಅಳಿಯಂದ್ರೇ, ಮೊದ್ಲು ನಮ್ ಬಂಡೆ ಐತಾ ನೋಡಿ” ಎಂದರು.

ದುರ್ಬೀನು ಹುಟ್ಟಿದ ಕಾಲದಲ್ಲೂ ಜನ ಅದನ್ನು ಮೊದಲು ತಿರುಗಿಸಿದ್ದು ಆಕಾಶಕ್ಕಲ್ಲ, ಹಡಗು ಬಂತೇ ಎಂದು ಕಡಲಿನ ಕಡೆಗೆ ಅನ್ನುತ್ತಾರೆ. ಅತ್ತೆಯದು ಹೊಸ ಆಸೆಯೇನಲ್ಲ.

ದುರ್ಬೀನು ಹೊತ್ತು ಹೆಂಡತಿಯೊಂದಿಗೆ ತಿರುಮಣಿಗೆ ಹೋದೆ. ಅತ್ತೆಯ ಮಾಳಿಗೆ ಹತ್ತಿ ಮೊದಲು ನಾನೇ ನೋಡಿದೆ. ಅವರು ಬೆರಳು ತೋರಿಸಿದ ಕಡೆ ಸಾಲು ಸಾಲು ಸೋಲಾರ್ ಪ್ಲೇಟು. ಬಂಡೆ ಇರಲಿಲ್ಲ. ಇದಕ್ಕಿಂತ ಕೆಟ್ಟ ದುರ್ಬೀನು ಕೊಳ್ಳಬೇಕಿತ್ತು ಎಂದು ಅವತ್ತು ಮೊದಲ ಸಲ ಅನ್ನಿಸಿತು.

“ಬಿಸಿಲ ಝಳಕ್ಕೆ ಮಸುಕಾಗಿದೆ ಅತ್ತೆ” ಎಂದೆ.

“ವಸಿ ಸರೀರಿ” ಎಂದು ಅವರೇ ಬಗ್ಗಿ, ತುಂಬಾ ಹೊತ್ತು ನೋಡಿದರು. “ಐತೆ! ಅಂಗೇ ಐತೆ! ಒಳ್ಳೇ ಯಂತ್ರ ತಂದಿದೀರ.”

ನನ್ನ ಕಣ್ಣಿಗೇ ತಪ್ಪಿರಬೇಕು ಎಂದುಕೊಂಡೆ; ಹೋದ ಜೀವ ಬಂತು. ನಾಚಿಕೆಗೇಡಿನ ಮಾತು, ನನ್ನ ಆಯ್ಕೆಯ ಬಗ್ಗೆ ಹೆಮ್ಮೆಯೂ ಆಯಿತು. ಐನೂರು ಪಟ್ಟು ಸುಮ್ಮನೆಯೇ?

ಕೆಳಗಿಳಿದು ನೀರಿಗೆಂದು ಅಡುಗೆಮನೆಯ ಬಾಗಿಲಿಗೆ ಹೋದಾಗ ಅತ್ತೆ ನನ್ನ ಹೆಂಡತಿಗೆ ಪಿಸುಗುಡುತ್ತಿದ್ದರು: “ಬಂಡೆ ಇಲ್ಲ ಕಣಮ್ಮ, ಒಡ್ದಾಕ್ಬುಟ್ಟವ್ರೆ. ಪಾಪ, ನಿನ್ ಗಂಡ ಅಷ್ಟು ದೂರದಿಂದ ಹೊತ್ಕೊಂಡು ಬಂದವ್ರೆ. ಕಾಣ್ಲಿಲ್ಲ ಅಂದ್ರೆ ನೊಂದ್ಕಂತಾರೆ. ನೀನೂ ಹೇಳ್ಬ್ಯಾಡ.”

ನೀರು ಕೇಳದೆ ಹಿಂದಕ್ಕೆ ಬಂದೆ. ಜಗಲಿಯಲ್ಲಿ ಕೂತು, ಕೊಳೆಯೇ ಇಲ್ಲದ ಮಸೂರವನ್ನು ಬಹಳ ಹೊತ್ತು ಒರೆಸಿದೆ.