ಶಾಪು ಎಂಬ ಎರಡಕ್ಷರ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಗುಲಾಮ್ ಮೊಹಿದ್ದೀನ್ ಸಾಹೇಬರದೊಂದು ಎಲೆಕ್ಟ್ರಿಕಲ್ ಅಂಗಡಿಯಿದೆ. ಅಲ್ಲಿ ಏನು ಕೇಳಿದರೂ ಕ್ಷಣದಲ್ಲಿ ತೆಗೆದುಕೊಡುವವನು ತೆರಕಣಾಂಬಿಯ ಮಹಾಲಿಂಗ. ಕೈ ಚುರುಕು, ಮಾತು ಕಡಿಮೆ. ಕಡಿಮೆ ಯಾಕೆಂದರೆ ಚಿಕ್ಕಂದಿನಿಂದಲೂ ಅವನಿಗೆ ಉಗ್ಗು. ಇಸ್ಕೂಲಿನಲ್ಲಿ ಹಾಜರಿ ಕೂಗಿದಾಗ ‘ಎಸ್ ಸಾರ್’ ಎನ್ನಲಾಗದೆ ಎಷ್ಟೋ ದಿನ ಆಬ್ಸೆಂಟ್ ಆದವನು ಅವನು, ಮುಂದಿನ ಬೆಂಚಿನಲ್ಲೇ ಕೂತಿದ್ದರೂ.

ದಾರಿ ತೋರಿಸಿದ್ದು ಅವ್ವ ಮಲ್ಲಾಜಮ್ಮ. ಮದುವೆ ಮನೆಗಳಲ್ಲಿ ಸೋಬಾನೆ ಹೇಳುತ್ತಿದ್ದವಳಿಗೆ ಪದವನ್ನು ತಾಳಕ್ಕೆ ಕೂರಿಸುವುದು ಹೊಸದಲ್ಲ.

“ಬಿರ್ರನೆ ಏಳಕ್ಕೋಗ್ಬ್ಯಾಡ ಕಣ್ಲಾ. ಒಂದೊಂದೇ ಅಕ್ಸರವ ತೊಡ ಮ್ಯಾಲ ತಟ್ಕೊಂಡು ಆಚ್ಗ ಬುಡು,” ಎಂದಳು.

ಅಂದಿನಿಂದ ಅವನ ಬಲಗೈ ಬೆರಳು ತೊಡೆಯ ಮೇಲೆ ಆಡುತ್ತಲೇ ಇದೆ. ಬಲ್ಬು ಎಂದರೆ ಎರಡು ತಟ್ಟು, ಫ್ಯಾನು ಎಂದರೆ ಎರಡು. ಕೊನೆಗೊಂದು ‘ಉ’ ಸಿಕ್ಕರೆ ನಾಲಿಗೆಗೆ ಕಾಲಿಡಲು ಮೆಟ್ಟಿಲು ಸಿಕ್ಕಂತೆ. ಉಗ್ಗು ಪೂರ್ತಿ ಹೋಗಲಿಲ್ಲ, ಬದುಕು ಮಾತ್ರ ನಡೆಯಿತು.

ತಕರಾರು ಹುಟ್ಟಿದ್ದು ಮದುವೆಯಾದ ಮೇಲೆ. ಹೆಂಡತಿ ಭವ್ಯ ಚಾಮರಾಜನಗರದವಳು, ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರು. ಗದ್ದದ ಕೆಳಗೆ ಅಂಗೈ ಹಿಡಿದು ಪದ ಹೇಳಿದರೆ, ಗದ್ದ ಎಷ್ಟು ಸಲ ಕೈಗೆ ತಾಗುತ್ತದೋ ಪದದಲ್ಲಿ ಅಷ್ಟೇ ಸಿಲಬಲ್ ಎಂದು ಮಕ್ಕಳಿಗೆ ಹೇಳಿಕೊಡುವವಳು.

“ಫ್ಯಾನ್ ಒಂದೇ ಕಣ್ರಿ. ಎರಡು ಎಲ್ಲಿಂದ ತಂದ್ರಿ?”

“ಫ್ಯಾ, ನು. ಎಣಿಸ್ಕೊ ನೀನೇಯ.”

ಒಮ್ಮೆ ಊಟಕ್ಕೆ ಬಂದಿದ್ದ ಸಾಹೇಬರು ಕೂಡ ಇದರಲ್ಲಿ ಮೂಗು ತೂರಿಸಿದರು. ಮನೆಯಲ್ಲಿ ಉರ್ದು ಆಡುವ ಅವರಿಗೆ ಸ್ಕ್ರೂ ಎಂದರೆ ಎರಡು, ‘ಇಸ್-ಕ್ರೂ’. ಭವ್ಯ ಹಣೆ ಚಚ್ಚಿಕೊಂಡು ಸಾರು ಬಡಿಸಿದಳು. ಹೀಗೆ ನಗುನಗುತ್ತಲೇ ನಡೆದ ಜಗಳ ಅದು.

ಭವ್ಯಳ ಇನ್ನೊಂದು ಅಭ್ಯಾಸಕ್ಕೆ ಮಾತ್ರ ಅವನು ನಗುತ್ತಿರಲಿಲ್ಲ. ಬ್ಯಾಂಕಿನಲ್ಲಾಗಲಿ, ನೆಂಟರ ಮನೆಯಲ್ಲಾಗಲಿ ಅವನ ಮಾತು ಸಿಕ್ಕಿಕೊಂಡರೆ ಉಳಿದದ್ದನ್ನು ಅವಳೇ ಹೇಳಿ ಮುಗಿಸುತ್ತಿದ್ದಳು. ಪ್ರೀತಿಯಿಂದಲೇ ಹಾಗೆ ಮಾಡುತ್ತಾಳೆಂದು ಅವನಿಗೆ ಗೊತ್ತಿತ್ತು. ಆದರೂ ಪ್ರತಿ ಸಲ ಮನಸ್ಸು ನೋಯುತ್ತಿತ್ತು.

ಮಗಳು ಪ್ರಿಯಾಂಕಳನ್ನು ಎಲ್‌ಕೆಜಿಗೆ ಸೇರಿಸುವ ಕಾಲ ಬಂತು. ಅವರು ಆರಿಸಿದ ಶಾಲೆಯಲ್ಲಿ ತಂದೆತಾಯಿ ಇಬ್ಬರೂ ಬಂದು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಬೇಕಂತೆ. ಸೇರುವುದು ಮಗುವೋ ಅಪ್ಪನೋ ಎಂದು ಕೇಳುವವರಿಲ್ಲ.

“ನೀನೇ ಓಗ್ಬುಟ್ಟು ಬಾ. ನನ್ನಿಂದ ಮಗೀಗ ಸೀಟು ತಪ್ಪಿದ್ರ?” ಎಂದ ಮಹಾಲಿಂಗ.

ಭವ್ಯ ಒಪ್ಪಲಿಲ್ಲ. ವಾರವಿಡೀ ಒಂದೇ ವಾಕ್ಯ ಕಲಿಸಿದಳು: ಐ ವರ್ಕ್ ಇನ್ ಎನ್ ಎಲೆಕ್ಟ್ರಿಕಲ್ ಶಾಪ್. ವರ್ಕ್ ಒಂದು ತಟ್ಟು, ಶಾಪ್ ಒಂದು ತಟ್ಟು. ಹಾಗೆ ತಟ್ಟಿದರೆ ಅವನು ‘ವ’ದಲ್ಲೇ ನಿಂತುಬಿಡುತ್ತಿದ್ದ. ತನ್ನ ಲೆಕ್ಕದಲ್ಲಿ ‘ವರ್ಕು’ ಎಂದರೆ ಸಲೀಸಾಗಿ ಬರುತ್ತಿತ್ತು.

“ಅಲ್ಲಿ ಹಂಗಂದ್ರೆ ನಗ್ತಾರೆ ಕಣ್ರಿ,” ಎಂದಳು ಭವ್ಯ. ಅವನು ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡ.

ಆ ದಿನ ಬಂತು. ಭವ್ಯಳ ಮಾತು ಸುಲಭವಾಗಿ ಮುಗಿಯಿತು. ಹೆಡ್‌ಮಿಸ್ಸು ಮಹಾಲಿಂಗನ ಕಡೆ ತಿರುಗಿ, ಏನು ಕೆಲಸವೆಂದು ಕೇಳಿದರು. ‘ಐ’ ಬಂತು. ‘ವ’ ಬಂದು ನಿಂತಿತು. ಬೆರಳು ತೊಡೆಯ ಮೇಲೆ ಒಂದು ಸಲ ತಟ್ಟಿತು, ಮತ್ತೆ ಒಂದು ಸಲ, ಮತ್ತೆ. ಭವ್ಯಳ ಮಡಿಲಲ್ಲಿದ್ದ ಪ್ರಿಯಾಂಕ ತಲೆಯೆತ್ತಿ ಅಪ್ಪನ ಬಾಯನ್ನೇ ನೋಡಿದಳು. ಭೂಮಿ ಬಾಯಿಬಿಡಬಾರದೇ ಎನಿಸಿತು ಅವನಿಗೆ.

“ಮೇಡಂ, ನೀವೇ ಹೇಳಿ ಪರವಾಗಿಲ್ಲ,” ಎಂದರು ಹೆಡ್‌ಮಿಸ್ಸು.

ಭವ್ಯ ಹೇಳಲಿಲ್ಲ. ಮೇಜಿನ ಮರೆಯಲ್ಲಿ ಕೈ ಚಾಚಿ, ಅವನ ತೊಡೆಯ ಮೇಲೆ ಎರಡು ಸಲ ತಟ್ಟಿದಳು. ಸ್ವಲ್ಪ ತಡೆದು ಮತ್ತೆ ಎರಡು ಸಲ.

“ವರ್ಕು,” ಎಂದ ಮಹಾಲಿಂಗ. “ಐ ವರ್ಕು ಇನ್ನು ಎಲೆಕ್ಟ್ರಿಕಲ್ಲು ಶಾಪು.”

ಪಕ್ಕದಲ್ಲಿ ಕೂತಿದ್ದ ಗುಮಾಸ್ತರು ನಗು ತಡೆಯಲು ಕಿಟಕಿಯತ್ತ ನೋಡಿದರು. ಭವ್ಯಳಿಗೆ ಅದು ಕಂಡಿತು, ಮಹಾಲಿಂಗನಿಗೂ ಕಂಡಿತು. ಹೆಡ್‌ಮಿಸ್ಸು ಒಳ್ಳೆಯವರು, “ಸರ್, ಕನ್ನಡದಲ್ಲೇ ಹೇಳಿ,” ಎಂದರು.

“ನೋ ಮೇಡಮ್ಮು,” ಎಂದು ಅವನು ಮುಂದುವರಿಸಿದ. ಕೇಳದಿದ್ದರೂ ಫ್ಯಾನು, ಬಲ್ಬು, ಸ್ವಿಚ್ಚು, ವೈರು ಎಂದು ಅಂಗಡಿಯ ಸಾಮಾನೆಲ್ಲ ಹೇಳತೊಡಗಿದ. ಸೀಟಿನ ಚಿಂತೆ ಮರೆತೇ ಹೋಗಿತ್ತು. ಭವ್ಯಳ ಕಣ್ಣು ತುಂಬಿತ್ತು. ಅವಳ ಬೆರಳು ಮಾತ್ರ ಒಂದಕ್ಷರವನ್ನೂ ಬಿಡದೆ ಗಂಡನ ಲೆಕ್ಕದಲ್ಲೇ ತಟ್ಟುತ್ತ ಹೋಯಿತು.